ಟರ್ಬೊ ಗಾಡಿಗೆ ದೊಡ್ಡ ಏರ್ ಪೈಪು ಹಾಕಿಸುವ ಮುನ್ನ ಇದನ್ನು ಓದಿ

ಮಂಗಳೂರಿನಿಂದ ವಾಪಸು ಬರುವಾಗ ಶಿರಾಡಿ ಘಾಟಿಯ ಏರಿನಲ್ಲಿ ನನ್ನ ಗಾಡಿಯ ಪಿಸ್ಟನ್ ಒಡೆಯಿತು. ಲಾರಿಯೊಂದನ್ನು ಹಿಂದೆ ಹಾಕಲು ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೆ. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು, ಎರಡೇ ಸೆಕೆಂಡು. ಆಮೇಲೆ ಎಂಜಿನ್ ಅದುರತೊಡಗಿತು, ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಪಕ್ಕದಲ್ಲಿ ಅಮ್ಮ ಕೂತಿದ್ದರು. ಹಿಂದೆ ಬಸ್ಸು, ಎದುರಿಗೆ ತಿರುವು, ನಿಲ್ಲಿಸಲು ಜಾಗವಿಲ್ಲ. ಆ ಐದು ನಿಮಿಷ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಇದಕ್ಕೆ ಎರಡು ತಿಂಗಳ ಹಿಂದೆ ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಯಲ್ಲಿ ಒಂದೇ ದಿನ ಮೂರು ಕೆಲಸ ಮಾಡಿಸಿದ್ದೆ: ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯುವಿನ ಫೈಲ್ ಬದಲಿಸುವುದು), ಎಣ್ಣೆ ಸವರಿದ ಹತ್ತಿಯ ಕೋನ್ ಫಿಲ್ಟರ್, ಅದಕ್ಕೆ ಜೋಡಿಸುವ ಅಲ್ಯೂಮಿನಿಯಂ ಪೈಪು. ಗಾಡಿ 1.8 ಲೀಟರಿನ ಟರ್ಬೊ ಪೆಟ್ರೋಲ್, ಸೆಕೆಂಡ್ ಹ್ಯಾಂಡ್, ಕಂಪನಿಯಿಂದ ಬಂದಾಗ 160 ಹಾರ್ಸ್‌ಪವರ್. ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಮೊದಲು 60 ಮಿಲಿಮೀಟರಿನ ಕೊಳವೆಯಲ್ಲಿ ಕೂತಿತ್ತು. ಅದನ್ನೇ ಬಿಚ್ಚಿ 70 ಮಿಲಿಮೀಟರಿನ ಹೊಸ ಪೈಪಿಗೆ ಹಾಕಿದರು. ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಲಿಲ್ಲ, ಓಡುವಾಗಿನ ಸೆನ್ಸರ್ ಅಂಕಿಗಳ ದಾಖಲೆ, ಅಂದರೆ ಲಾಗ್, ತೆಗೆಯಲಿಲ್ಲ. ಲ್ಯಾಪ್‌ಟಾಪಿನಿಂದ ಫೈಲ್ ಹಾಕಿ, ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಕೀ ಕೊಟ್ಟರು. ‘210 ಬಂದಿದೆ ಬ್ರೋ’ ಅಂದರು. ಪಿಕಪ್ ಬಂದಿದ್ದಂತೂ ನಿಜ.

ಹತ್ತು ದಿನಕ್ಕೆ ಚೆಕ್ ಎಂಜಿನ್ ದೀಪ ಹತ್ತಿತು. ಕೋಡ್ ಪಿ0171, ಅಂದರೆ ಪೆಟ್ರೋಲ್ ಸಾಲದೆ ಮಿಶ್ರಣ ಲೀನ್ ಆಗಿದೆ ಎಂದು. ಅಂಗಡಿಗೆ ಹೋದರೆ, ‘ಏನೂ ಆಗಲ್ಲ ಬ್ರೋ, ಇಸಿಯು ತಾನೇ ಕಲ್ತ್ಕೊಳತ್ತೆ’ ಅಂತ ಹೇಳಿ ಏನೋ ಮಾಡಿ ದೀಪ ಆರಿಸಿದರು. ಆ ಕೋಡ್ ಮತ್ತೆ ಬರದ ಹಾಗೆ ಫೈಲಿನಲ್ಲೇ ಬಂದ್ ಮಾಡಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಎಂಜಿನ್ ಬಿಚ್ಚಿದ ಮೇಲೆ. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇದಕ್ಕೇ. ಹಣ ಹೋಗಿದ್ದಕ್ಕೂ ಅಷ್ಟು ಬರುವುದಿಲ್ಲ.

ಆದದ್ದು ಇಷ್ಟು. ಮ್ಯಾಫ್ ಸೆನ್ಸರಿನಲ್ಲಿ ಒಂದು ಕಾದ ತೆಳು ಪದರ ಇರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ಆರಿಸುತ್ತದೆ ಅನ್ನುವುದರ ಮೇಲೆ, ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಎಂದು ಇಸಿಯು ಲೆಕ್ಕ ಹಾಕುತ್ತದೆ. ಆದರೆ ಸೆನ್ಸರಿಗೆ ಇಡೀ ಕೊಳವೆ ಕಾಣುವುದಿಲ್ಲ, ತನ್ನ ಮೈಗೆ ತಾಗುವ ಗಾಳಿ ಮಾತ್ರ ಗೊತ್ತು. ಕಾಲುವೆ ಅಗಲ ಮಾಡಿದರೆ ಅಷ್ಟೇ ನೀರು ನಿಧಾನ ಹರಿಯುತ್ತದಲ್ಲ, ಹಾಗೆಯೇ ಇದು. 60ರಿಂದ 70ಕ್ಕೆ ಹೋದರೆ ಕೊಳವೆಯ ಬಾಯಿ 36 ಶೇಕಡಾ ದೊಡ್ಡದಾಗುತ್ತದೆ. ಗಾಳಿ ಅಷ್ಟೇ ಹೋದರೂ ಇಸಿಯುಗೆ ಅದರ ಮುಕ್ಕಾಲು ಭಾಗಕ್ಕಿಂತ ಕಡಿಮೆಯೇ ಕಾಣುತ್ತದೆ. ಫೈಲಿನಲ್ಲಿ ಸೆನ್ಸರಿನ ಕೋಷ್ಟಕವನ್ನು (ಸೆನ್ಸರಿನ ಯಾವ ಸಂಕೇತಕ್ಕೆ ಎಷ್ಟು ಗಾಳಿ ಅನ್ನುವ ಪಟ್ಟಿ) ಹೊಸ ಕೊಳವೆಗೆ ತಕ್ಕಂತೆ ತಿದ್ದಬೇಕಿತ್ತು. ತಿದ್ದಿರಲಿಲ್ಲ.

ಊರೊಳಗೆ ಮೆಲ್ಲಗೆ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತದೆ. ‘ಕಲ್ತ್ಕೊಳತ್ತೆ’ ಅಂದಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ನನ್ನಂಥ ಹಳೆಯ ಗಾಡಿಗಳಲ್ಲಿ ಪೂರ್ತಿ ಬೂಸ್ಟಿನಲ್ಲಿ, ಅಂದರೆ ಟರ್ಬೊ ಗಾಳಿಯನ್ನು ಜೋರಾಗಿ ಒತ್ತಿ ತುಂಬುವಾಗ, ಆ ಸೆನ್ಸರಿನ ಮಾತು ನಡೆಯುವುದಿಲ್ಲ. ಅಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 12 ಪಾಲು ಗಾಳಿ ಇರಬೇಕು, ನನ್ನದು ಅದಕ್ಕಿಂತ ಎಷ್ಟೋ ಲೀನ್ ಓಡುತ್ತಿತ್ತು. ಸಾಲದ್ದಕ್ಕೆ, ಗಾಳಿ ಕಡಿಮೆ ಅಂದುಕೊಂಡ ಇಸಿಯು ಎಂಜಿನ್ ಮೇಲೆ ಭಾರವೂ ಕಡಿಮೆ ಎಂದು ತಿಳಿದು ಕಿಡಿಯನ್ನು ಬೇಗ ಹಚ್ಚುತ್ತದೆ. ಬೂಸ್ಟ್ ಜಾಸ್ತಿ, ಪೆಟ್ರೋಲ್ ಕಡಿಮೆ, ಕಿಡಿ ಬೇಗ. ಹೀಗಾದಾಗ ಮಿಶ್ರಣ ತಾನಾಗಿಯೇ ಸಿಡಿದು ಪಿಸ್ಟನ್ನಿಗೆ ಹೊಡೆಯುತ್ತದೆ, ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಘಾಟಿಯಲ್ಲಿ ಕೇಳಿದ್ದು ಆ ಸದ್ದು.

ಗಾಡಿಯನ್ನು ಟೋ ಮಾಡಿಸಿ ಹಾಸನಕ್ಕೆ ತಂದೆವು. ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿದಿಡುವ ಒತ್ತಡ, ನೋಡಿದರು: ಮೂರು ಸಿಲಿಂಡರಿನಲ್ಲಿ 11 ಬಾರ್, ಇನ್ನೊಂದರಲ್ಲಿ 4. ಪಿಸ್ಟನ್ನಿನಲ್ಲಿ ರಿಂಗುಗಳ ನಡುವಿನ ಅಂಚು ತುಂಡಾಗಿತ್ತು. ಇಸಿಯು ಅಂಕಿಗಳನ್ನು ಫೋನಿಗೆ ಕಳಿಸುವ ಡಾಂಗಲ್ ಹಾಕಿ ನಾನು ಫೋನಿನಲ್ಲಿ ಉಳಿಸಿಕೊಂಡಿದ್ದ ಅಂಕಿಗಳನ್ನು ಅವರು ಕೇಳಿದರು. ರೀಮ್ಯಾಪ್‌ಗೆ ಮೊದಲು ಪೂರ್ತಿ ಒತ್ತಿದಾಗ ಮ್ಯಾಫ್ 128 ಗ್ರಾಂ ತೋರಿಸಿತ್ತು, ಆಮೇಲೆ 122. ‘ನೋಡಪ್ಪ, ಈ ಗ್ರಾಮನ್ನ ಒಂದೂಕಾಲರಲ್ಲಿ ಗುಣಿಸಿದ್ರೆ ಹೆಚ್ಚುಕಡಿಮೆ ಪವರ್ ಬರತ್ತೆ. 210 ಬಂದಿದ್ರೆ ಇಲ್ಲಿ 165ರ ಹತ್ರ ಇರಬೇಕಿತ್ತು. ಪವರ್ ಏರಿ ಗಾಳಿ ಇಳಿಯೋದು ಎಲ್ಲಾದ್ರೂ ಉಂಟಾ?’ ಅಂದರು. ಅಂದರೆ ಸೆನ್ಸರ್ ಗಾಳಿಯನ್ನು ಕಡಿಮೆ ಅಳೆಯುತ್ತಿತ್ತು. ಆ ಎರಡು ಅಂಕಿ ಎರಡು ತಿಂಗಳಿಂದ ನನ್ನ ಜೇಬಿನಲ್ಲೇ ಇದ್ದವು.

ಅಂಗಡಿಯವರು ಪೆಟ್ರೋಲ್ ಸರಿಯಿಲ್ಲ ಅಂದರು. ಫೈಲು 98 ಆಕ್ಟೇನಿಗೆ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಬರೆದದ್ದು, ನಾನು ಹಾಕಿಸುತ್ತಿದ್ದುದು 91. ಅದನ್ನು ಕೊಡುವ ಮುಂಚೆ ಹೇಳಬೇಕಿತ್ತು. ರಿಪೇರಿಗೆ 2.3 ಲಕ್ಷ ಆಯಿತು, ಒಂದು ರೂಪಾಯಿಯೂ ವಾಪಸು ಬರಲಿಲ್ಲ.

ದಯವಿಟ್ಟು ಹಣ ಕೊಡುವ ಮುಂಚೆ ಕೇಳಿ: ನನ್ನ ಗಾಡಿಯಲ್ಲಿ ಮ್ಯಾಫ್ ಇದೆಯಾ, ಇಲ್ಲಾ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಮೇಲೆ ಓಡುತ್ತಾ? ಮ್ಯಾಫ್ ಇದ್ದರೆ ಹೊಸ ಕೊಳವೆಯ ಒಳ ಅಳತೆ ಎಷ್ಟು, ಕೋಷ್ಟಕ ತಿದ್ದುತ್ತೀರಾ, ಪೂರ್ತಿ ಬೂಸ್ಟಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ (ಗಾಳಿ-ಪೆಟ್ರೋಲ್ ಪಾಲನ್ನು ನಿಖರವಾಗಿ ಅಳೆಯುವ ಆಕ್ಸಿಜನ್ ಸೆನ್ಸರ್) ಹಾಕಿ ತೆಗೆದ ಲಾಗ್ ಕೊಡುತ್ತೀರಾ? ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಹೆಚ್ಚಿನ ಒತ್ತಡ ಇಳಿಸುವ ಬ್ಲೋ ಆಫ್ ವಾಲ್ವ್‌ನ ಗಾಳಿಯನ್ನು ಹೊರಗೆ ಬಿಡಿಸುತ್ತಾರಾದರೆ ಅದೂ ಇದೇ ಜಾತಿಯ ತಪ್ಪು: ಲೆಕ್ಕಕ್ಕೆ ಬಂದ ಗಾಳಿ ಹೊರಗೆ ಹೋಗಿ, ಕಾಲು ತೆಗೆದಾಗಲೆಲ್ಲ ಗಾಡಿ ಮುಗ್ಗರಿಸುತ್ತದೆ.

ಈಗಾಗಲೇ ಹಾಕಿಸಿದವರು ಇವತ್ತೇ ಡಾಂಗಲ್ ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಮ್ಮಿ ಮಾಡಿ ಸರಿದೂಗಿಸುತ್ತಿದೆ ಅನ್ನುವ ಅಂಕಿ. 5ರ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ನನ್ನದು +19 ಇತ್ತು. ಅದು 10 ದಾಟಿದ್ದರೆ ಹಳೆಯ ಏರ್ ಬಾಕ್ಸೂ ಹಳೆಯ ಫೈಲೂ ವಾಪಸು ಬರುವ ತನಕ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ, ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತಬೇಡಿ.