ಕಾರಿನ ಬಾಗಿಲಿಗೆ ಅಂಟಿದ ಹಳೇ ಟೇಪ್ ತೆಗೆಯಲು ಯಾವುದು ಒಳ್ಳೆಯದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೀಲಗಿರಿ ಎಣ್ಣೆಗೆ. ಮೆಡಿಕಲ್ ಶಾಪಿನಲ್ಲಿ ನೆಗಡಿಗೆಂದು ಕೊಡುವ ಅದೇ ಸಣ್ಣ ಬಾಟಲಿ. ಆನ್‌ಲೈನಿನಲ್ಲಿ ತರಿಸಿದ ಅಂಟು ತೆಗೆಯುವ ದುಬಾರಿ ರಿಮೂವರ್, ತೆಂಗಿನೆಣ್ಣೆ, ತುಕ್ಕು ತಡೆಯುವ ಸ್ಪ್ರೇ ಡಬ್ಲ್ಯೂಡಿ-40 ಎಲ್ಲವನ್ನೂ ಒಂದೇ ಬಾಗಿಲಿನ ಮೇಲೆ ಪಕ್ಕಪಕ್ಕದಲ್ಲಿ ಹಚ್ಚಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಹಳೆಯ ಕೆಂಪು ಕಾರು, ಅದರ ಸೈಡ್ ಬೀಡಿಂಗ್, ಅಂದರೆ ಬಾಗಿಲಿನ ಮೇಲೆ ಉದ್ದಕ್ಕೆ ಅಂಟಿಸುವ ಪಟ್ಟಿ, ಅರ್ಧ ಕಿತ್ತು ಜೋತುಬಿದ್ದಿತ್ತು. ಪೂರ್ತಿ ಎಳೆದು ತೆಗೆದಾಗ ಹಿಂದಿನ ಡಬಲ್ ಸೈಡ್ ಟೇಪ್ ಮಾತ್ರ ಬಾಗಿಲಲ್ಲೇ ಉಳಿಯಿತು. ಸ್ಟಿಕ್ಕರ್ ಅಂಟಿಗಿಂತ ಇದು ಬಹಳ ಗಟ್ಟಿ. ನಡುವೆ ಫೋಮ್, ಎರಡೂ ಬದಿಗೆ ಅಕ್ರಿಲಿಕ್ ಅಂಟು. ಬಿಸಿಲು, ಮಳೆ ತಡೆಯಲೆಂದೇ ಮಾಡಿದ್ದು, ಸುಮ್ನೆ ಉಜ್ಜಿದರೆ ಬರುವುದಿಲ್ಲ.

ಫೋಮ್ ತೆಗೆಯಲು ಯಾವ ಎಣ್ಣೆಯೂ ಬೇಡ. ಮಧ್ಯಾಹ್ನದ ಬಿಸಿಲಿಗೆ ಆ ಬದಿ ತಿರುಗಿಸಿ ಕಾರು ನಿಲ್ಲಿಸಿ, ಅಂಟು ಮೆತ್ತಗಾದಾಗ ಗಾಳಕ್ಕೆ ಹಾಕುವ ತಂಗೂಸಿಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಗರಗಸದ ಹಾಗೆ ಆಡಿಸಿದರೆ ಸಾಕು. ಕಾರವಾರದಲ್ಲಿ ತಂಗೂಸಿಗೇನು ಬರ? ಮಳೆಗಾಲದಲ್ಲಾದರೆ ಹೇರ್ ಡ್ರೈಯರ್. ಬ್ಲೇಡ್ ಮಾತ್ರ ಬಾಗಿಲಿನ ಹತ್ತಿರವೂ ತರಬೇಡಿ.

ನಿಜವಾದ ಕಿರಿಕಿರಿ ಆಮೇಲೆ ಶುರು. ಫೋಮ್ ಹೋದ ಮೇಲೆ ತೆಳ್ಳಗಿನ ಒಂದು ಪದರ ಉಳಿಯುತ್ತದೆ. ಮುಟ್ಟಿದರೆ ಜಿಗುಟು, ಉಜ್ಜಿದರೆ ಹರಡುತ್ತದೆ. ಅದಕ್ಕೆ ಏನೇ ಹಚ್ಚಿದರೂ ನೆನೆಯಲು ಸಮಯ ಕೊಡಬೇಕು. ಆದರೆ ಬಾಗಿಲು ನೆಟ್ಟಗೆ ನಿಂತಿರುತ್ತದೆ, ಅಲ್ವಾ? ಹಚ್ಚಿದ್ದೆಲ್ಲ ಇಳಿದು ಕೆಳಗಿನ ಅಂಚಿಗೆ ಹೋಗುತ್ತದೆ. ಬಾನೆಟ್ ಮೇಲೆ ಅಂಟು ತೆಗೆದು ತೋರಿಸುವ ವಿಡಿಯೋಗಳಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ನಾನು ತರಿಸಿದ ರಿಮೂವರ್ ಸೋತಿದ್ದು ಇಲ್ಲೇ. ನೀರಿಗಿಂತ ತೆಳು. ಸ್ಪ್ರೇ ಮಾಡಿದ ತಕ್ಷಣ ಅರ್ಧ ಇಳಿದುಹೋಯಿತು, ಉಳಿದರ್ಧ ನಮ್ಮ ಸೆಕೆಗೆ ಆರಿತು. ಮತ್ತೆ ಸ್ಪ್ರೇ, ಮತ್ತೆ ಅದೇ ಕಥೆ. ಬಾಗಿಲಿನಲ್ಲಿ ಅದರ ಪಾಲಿನ ಭಾಗ ಮುಗಿಯುವ ಮೊದಲೇ ಬಾಟಲಿ ಖಾಲಿಯಾಯಿತು. ಅದು ಅಂಟನ್ನು ಕರಗಿಸುವುದಿಲ್ಲ ಎಂದಲ್ಲ, ಕರಗಿಸುವಷ್ಟು ಹೊತ್ತು ಅಲ್ಲಿ ನಿಲ್ಲುವುದಿಲ್ಲ. ಆ ದುಡ್ಡಿಗೆ ನನಗೆ ಇವತ್ತಿಗೂ ಬೇಜಾರಿದೆ.

ಇದಕ್ಕೆ ಉಪಾಯವೊಂದಿದೆ, ಯಾವ ದ್ರವಕ್ಕಾದರೂ ಸಲ್ಲುತ್ತದೆ. ಟಿಶ್ಯೂ ಪೇಪರನ್ನು ಪಟ್ಟಿ ಮಾಡಿ ಅಂಟಿನ ಮೇಲಿಡಿ, ಅದನ್ನು ನೆನೆಸಿ, ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಒತ್ತಿ. ಒದ್ದೆ ಟಿಶ್ಯೂ ತಾನೇ ಹಿಡಿದುಕೊಳ್ಳುತ್ತದೆ. ದ್ರವ ಇಳಿಯುವುದೂ ಇಲ್ಲ, ಆರುವುದೂ ಇಲ್ಲ. ನೆರಳಲ್ಲೇ ಮಾಡಿ, ಬಾಗಿಲು ಕೈಗೆ ತಣ್ಣಗಿರಬೇಕು.

ನೀಲಗಿರಿ ಎಣ್ಣೆ ಗೆದ್ದಿದ್ದು ಹೀಗೆ ಹಚ್ಚಿದಾಗ. ಸ್ವಲ್ಪ ಹೊತ್ತು ಬಿಟ್ಟು ಪಟ್ಟಿ ತೆಗೆದು ನೋಡಿದರೆ ಅಂಟು ಉಬ್ಬಿ ಮುದ್ದೆಯಾಗಿತ್ತು. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ತಳ್ಳಿದರೆ ಸುರುಳಿ ಸುತ್ತಿ ಬಂತು. ಹರಡಲಿಲ್ಲ, ಅದೇ ದೊಡ್ಡ ಸಮಾಧಾನ. ಉಳಿದ ಚೂರನ್ನು ಮೈಕ್ರೋಫೈಬರ್ ಬಟ್ಟೆಗೆ ನಾಲ್ಕು ಹನಿ ಹಾಕಿ ಒರೆಸಿದೆ. ಆದರೆ ಇದು ಜೋರಿನ ಎಣ್ಣೆ. ಬಾಗಿಲು ತೆರೆದಾಗ ಮಾತ್ರ ಕಾಣುವ ಜಾಗದಲ್ಲಿ ಮೊದಲು ಹಚ್ಚಿ ನೋಡಿ, ರಾತ್ರಿಯಿಡೀ ಬಿಡಬೇಡಿ, ಪ್ಲಾಸ್ಟಿಕ್ ಭಾಗಗಳಿಗೆ ತಾಗಿಸಬೇಡಿ. ಬೆಂಕಿಯಿಂದ ದೂರವಿರಲಿ. ಕುಡಿದರೆ ವಿಷ, ಹಾಗಾಗಿ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ತೆಂಗಿನೆಣ್ಣೆ ಹೇಳಿಕೊಟ್ಟವರು ಶಿರಸಿಯ ಭಾವ. "ಹಲಸಿನ ಮೇಣ ಹೋಗ್ತದೆ, ಇದು ಹೋಗದೇ ಇರ್ತದಾ ಮಾರಾಯ?" ಅಂದರು. ಮಾತು ಅರ್ಧ ನಿಜ. ಗಾಜಿನ ಮೇಲಿನ ಕಾಗದದ ಲೇಬಲ್, ಜಾತ್ರೆಯಲ್ಲಿ ಕೊಂಡ ಸ್ಟಿಕ್ಕರ್, ಇಂಥದ್ದರ ಅಂಟಿಗೆ ತೆಂಗಿನೆಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಣ್ಣಕ್ಕೂ ಭಯವಿಲ್ಲ. ಇನ್ನೊಂದು ಅನುಕೂಲವೂ ಉಂಟು. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಹಾಗಾಗಿ ಶಿರಸಿಯ ಚಳಿಗಾಲದ ಬೆಳಿಗ್ಗೆ ಮುಲಾಮಿನ ಹಾಗೆ ಬಾಗಿಲಿಗೆ ಬಳಿಯಬಹುದು, ಇಳಿಯುವುದಿಲ್ಲ. ಆದರೆ ಬೀಡಿಂಗ್ ಟೇಪಿನ ಅಂಟು ಅದಕ್ಕೆ ಜಗ್ಗಲಿಲ್ಲ.

ಡಬ್ಲ್ಯೂಡಿ-40 ಎರಡನೇ ಸ್ಥಾನ. 1953ರಲ್ಲಿ ಅಮೆರಿಕದಲ್ಲಿ ಇದನ್ನು ಮಾಡಿದ್ದು ಲೋಹದಿಂದ ನೀರನ್ನು ದೂರವಿಟ್ಟು ತುಕ್ಕು ತಡೆಯಲು, ಅಂಟಿಗೆಂದಲ್ಲ. ಉಪ್ಪುಗಾಳಿಯ ನಮ್ಮೂರಿನ ಮನೆಗಳಲ್ಲಿ ಒಂದು ಡಬ್ಬ ಇದ್ದೇ ಇರುತ್ತದೆ. ಟಿಶ್ಯೂ ಪಟ್ಟಿಯ ಜೊತೆ ಇದೂ ಅಂಟು ಬಿಡಿಸುತ್ತದೆ, ಆದರೆ ನೀಲಗಿರಿಗಿಂತ ನಿಧಾನ. ಡಬ್ಬ ಈಗಾಗಲೇ ಇದ್ದರೆ ಹೊಸದೇನೂ ಕೊಳ್ಳಬೇಡಿ, ಇದರಲ್ಲೇ ಮುಗಿಸಿ.

ಸೀಮೆಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಈಗ ಸಿಗುವುದೇ ಕಷ್ಟ. ದೋಣಿಗಳಿಗೆ ಸಬ್ಸಿಡಿಯಲ್ಲಿ ಬರುತ್ತಿದ್ದುದನ್ನು ಕಾರು ಒರೆಸಲು ಕೇಳುವುದು ನನಗೆ ಸರಿ ಕಾಣಲಿಲ್ಲ. ಪೆಟ್ರೋಲ್ ಬೇಡವೇ ಬೇಡ, ಬೆಂಕಿಯ ಅಪಾಯ.

ಥಿನ್ನರ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಗ್ಯಾರೇಜಿನಲ್ಲಿ ಕೇಳಿದರೆ ಮೊದಲು ಬರುವ ಸಲಹೆ ಅದೇ. ಅಂಟು ಕ್ಷಣದಲ್ಲಿ ಹೋಗುವುದೂ ನಿಜ. ಆದರೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಹೊಳಪಿನ ಪದರವಿದೆ, ಥಿನ್ನರ್ ಅದನ್ನೂ ಮೆತ್ತಗೆ ಮಾಡುತ್ತದೆ. ಕಂಪನಿಯ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ಅದು ಸ್ವಲ್ಪ ತಡೆಯುತ್ತದೆ. ವರ್ಕ್‌ಶಾಪಿನಲ್ಲಿ ಮತ್ತೆ ಹೊಡೆದ ಬಣ್ಣಕ್ಕೆ ಸಿಗುವುದು ಹೆಚ್ಚೆಂದರೆ 60 ಡಿಗ್ರಿಯ ಆಸುಪಾಸು, ಕೆಲವು ಕಡೆ ಬರೀ ಗಾಳಿಗೆ ಒಣಗಿಸುತ್ತಾರೆ. ಕರಾವಳಿಯಲ್ಲಿ ತುಕ್ಕು ಹಿಡಿದು ಮತ್ತೆ ಬಣ್ಣ ಕಂಡ ಬಾಗಿಲುಗಳು ಎಷ್ಟೋ ಇವೆ. ಸೆಕೆಂಡ್ ಹ್ಯಾಂಡ್ ಕಾರಾದರೆ ನಿಮ್ಮ ಬಾಗಿಲು ಯಾವುದೆಂದು ನಿಮಗೇ ಗೊತ್ತಿರುವುದಿಲ್ಲ. ದಯವಿಟ್ಟು ಥಿನ್ನರ್ ಮುಟ್ಟಬೇಡಿ.

ಡ್ರಿಲ್ಲಿಗೆ ಹಾಕುವ ರಬ್ಬರ್ ಚಕ್ರ ವೇಗವಾಗಿ ಕೆಲಸ ಮುಗಿಸುತ್ತದೆ. ದಿನಾ ಇದೇ ಕೆಲಸ ಮಾಡುವವರಿಗೆ ಅದು ಸರಿ. ಒಂದೇ ಕಡೆ ಹಿಡಿದರೆ ಬಣ್ಣ ಸುಡುತ್ತದೆ. ಒಂದೇ ಕಾರಿಗೆಂದು ಡ್ರಿಲ್ ಕೊಳ್ಳುವ ಬಜೆಟ್ ನನ್ನದಲ್ಲ.

ನನಗೆ ಅವಸರವಿರಲಿಲ್ಲ. ಭಾನುವಾರ ಬೆಳಿಗ್ಗೆ ರೇಡಿಯೋ ಹಾಕಿಕೊಂಡು ನೆರಳಲ್ಲಿ ಕೂತು ಮಾಡುವ ಕೆಲಸ ನನಗೆ ಇಷ್ಟ. ಹಾಗಾಗಿ ಸಣ್ಣ ಬಾಟಲಿ, ಟಿಶ್ಯೂ, ಹಳೇ ಕಾರ್ಡ್ ಇಷ್ಟೇ ನನಗೆ ಸಾಕಾಯಿತು. ಮುಗಿದ ಮೇಲೆ ಕಾರ್ ಶಾಂಪೂವಿನಿಂದ ತೊಳೆದು ವ್ಯಾಕ್ಸ್ ಹಚ್ಚಿದೆ. ಬೀಡಿಂಗ್ ಇದ್ದ ಜಾಗದಲ್ಲಿ ಕಡುಗೆಂಪಿನ ಪಟ್ಟಿ ಕಾಣುತ್ತದೆ, ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿದ್ದರಿಂದ. ಅದನ್ನು ಯಾವ ಎಣ್ಣೆಯೂ ಸರಿಮಾಡುವುದಿಲ್ಲ, ಪಾಲಿಶ್ ಹೊಡೆದರೆ ಸ್ವಲ್ಪ ಕಡಿಮೆಯಾಗುತ್ತದೆ.

ಹೊಸ ಬೀಡಿಂಗ್ ಹಾಕಿಸುವವರು ವ್ಯಾಕ್ಸ್ ಬಿಟ್ಟುಬಿಡಿ. ತೊಳೆದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಆ ಪಟ್ಟಿಯನ್ನು ಒರೆಸಿ. ಎಣ್ಣೆಯ ಪಸೆ ಉಳಿದರೆ ಹೊಸ ಟೇಪ್ ಹಿಡಿಯುವುದಿಲ್ಲ. ಟೇಪ್ ಪೂರ್ತಿ ಹಿಡಿಯಲು ಸುಮಾರು 72 ಗಂಟೆ ಬೇಕು, ಅಲ್ಲಿಯವರೆಗೆ ಕಾರು ತೊಳೆಯಬಾರದು. ಜೂನ್ ಬಂದರೆ ಕಾರವಾರದಲ್ಲಿ ಅಷ್ಟು ಹೊತ್ತು ಮಳೆ ಬಿಡುವು ಕೊಡುವುದು ಕಷ್ಟ. ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ.