ಪಿಪಿಎಫ್ ಹಾಕಿಸುವ ಮೊದಲು, ಬ್ಲೇಡು ಎಲ್ಲಿ ಓಡುತ್ತದೆ ಅಂತ ಕೇಳಿ

ಕಾರಿಗೆ ಪಿಪಿಎಫ್, ಅಂದರೆ ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮು, ಹಾಕಿಸಬೇಕು ಅಂತಿರುವ ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಯವಿಟ್ಟು ಇದನ್ನು ಓದಿ. ಫಿಲ್ಮೇ ಬೇಡ ಅಂತ ನಾನು ಹೇಳುತ್ತಿಲ್ಲ. ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಓಡಾಡುವವರಿಗೆ ಅದು ಬೇಕಾದದ್ದೇ. ಆದರೆ ಹಾಕುವವರ ಕೈಯಲ್ಲಿರುವ ಬ್ಲೇಡು ಏನು ಮಾಡಬಲ್ಲದು ಅನ್ನೋದಕ್ಕೆ ನನ್ನ ಕೆಎ-30 ಗಾಡಿಯ ಬಾನೆಟ್ಟೇ ಸಾಕ್ಷಿ.

ಅಂಗಡಿಯ ಹೆಸರು ಬರೆಯುವುದಿಲ್ಲ, ದೂರು ಕೊಟ್ಟಿದ್ದೇನೆ. ಇಡೀ ಗಾಡಿಗೆ 38,000 ರೂಪಾಯಿ, ಟಿಪಿಯು (ಬಿಸಿ ತಾಗಿದರೆ ಸಣ್ಣ ಗೀರು ತಾನೇ ಮಾಯವಾಗುವ, ರಬ್ಬರಿನಂಥ ಪ್ಲಾಸ್ಟಿಕ್) ಫಿಲ್ಮು, ಐದು ವರ್ಷ ವಾರಂಟಿ ಅಂದಿದ್ದರು. ಅಲ್ಲೇ ಇಟ್ಟಿದ್ದ ಹಳೇ ಬಾನೆಟ್ ಮೇಲೆ ಹಿತ್ತಾಳೆ ಬ್ರಷ್ಷಿನಿಂದ ಗೀಚಿ, ಬಿಸಿನೀರು ಹೊಯ್ದು ತೋರಿಸಿದರು. ಗೀರೆಲ್ಲ ಮಾಯ. ಅಲ್ಲಿದ್ದದ್ದು ಟಿಪಿಯು ಹೌದು. ನನ್ನ ಗಾಡಿಗೆ ಹಾಕಿದ್ದು ಮಾತ್ರ ಪಿವಿಸಿ ಅನ್ನೋ ಅಗ್ಗದ ಪ್ಲಾಸ್ಟಿಕ್. ಮಳೆಗಾಲ ಮುಗಿದು ಬಿಸಿಲು ಬೀಳುತ್ತಿದ್ದಂತೆ ಬಿಳಿ ಗಾಡಿ ಹಳದಿಗೆ ತಿರುಗಿತು, ಅಂಚುಗಳು ಗಡುಸಾಗಿ ಮೇಲೆದ್ದವು. ಟಿಪಿಯು ತುಂಡನ್ನು ಎಳೆದು ಬಿಟ್ಟರೆ ರಬ್ಬರಿನಂತೆ ವಾಪಸ್ ಬರುತ್ತದೆ, ಪಿವಿಸಿ ಎಳೆದಷ್ಟಕ್ಕೇ ನಿಲ್ಲುತ್ತದೆ. ಹಾಗಾಗಿ ಪರೀಕ್ಷೆ ಮಾಡುವುದಾದರೆ ಪ್ರದರ್ಶನಕ್ಕಿಟ್ಟ ಬಾನೆಟ್ ಮೇಲೆ ಬೇಡ, ನಿಮ್ಮ ಗಾಡಿಗೆ ಬಿಚ್ಚಿದ ರೋಲಿನ ತುಂಡಿನ ಮೇಲೇ ಮಾಡಿ.

ಫಿಲ್ಮು ಹಳದಿಯಾದರೆ ಕಿತ್ತು ಬಿಸಾಡಬಹುದು. ನಿಜವಾದ ಅನಾಹುತ ಕಂಡದ್ದು ಕಿತ್ತ ಮೇಲೆ.

ಕುಮಟಾದ ಒಬ್ಬ ಪೇಂಟರ್ ಹೀಟ್ ಗನ್ ಹಿಡಿದು ನಿಧಾನಕ್ಕೆ ಬಿಡಿಸುತ್ತಾ ಬಂದರು. ಬಾನೆಟ್ಟಿನ ಅಂಚಿಗಿಂತ ಸ್ವಲ್ಪ ಒಳಗೆ, ಅಂಚಿನುದ್ದಕ್ಕೂ ಒಂದು ಕಂದು ಗೆರೆ. ಬಾಗಿಲ ಹಿಡಿಕೆಗಳ ಸುತ್ತಲೂ ಅದೇ. ನಾನು ಅಂಟಿನ ಕಲೆ ಅಂದುಕೊಂಡು ಉಜ್ಜಲು ಹೋದೆ. ಅವರು ಉಗುರು ಆಡಿಸಿ ನೋಡಿದರು, ಉಗುರು ಗೆರೆಯೊಳಗೆ ಸಿಕ್ಕಿಕೊಂಡಿತು. "ಇದು ಕಲೆಯಲ್ಲ ಮಾರಾಯ್ರೆ, ಬ್ಲೇಡು. ತಗಡಿನ ತನಕ ಹೋಗಿದೆ" ಅಂದರು.

ಲೆಕ್ಕ ಹಾಕಿ ನೋಡಿ. ಫಿಲ್ಮಿನ ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್. ಅದರ ಕೆಳಗೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿದರೂ ಕಂಪನಿ ಪೇಂಟು ಹೆಚ್ಚುಕಡಿಮೆ 100ರಿಂದ 130. ಅಂದರೆ ಗಾಡಿಯ ಮೇಲೇ ಫಿಲ್ಮು ಕತ್ತರಿಸುವವರು ದಪ್ಪದ್ದನ್ನು ಪೂರ್ತಿ ಕೊಯ್ದು, ತೆಳುವಾದದ್ದನ್ನು ಮುಟ್ಟದೆ ಕೈ ನಿಲ್ಲಿಸಬೇಕು. ಪಳಗಿದ ಕೈಗೆ ಅದು ಸಾಧ್ಯ. ನನ್ನ ಗಾಡಿಗೆ ಆ ಕೈ ಸಿಗಲಿಲ್ಲ. ಬೇರೆ ಊರಿನಲ್ಲಾದರೆ ಆ ಗೀರು ಬಹಳ ಕಾಲ ಹಾಗೇ ಇದ್ದುಬಿಡುತ್ತಿತ್ತೋ ಏನೋ. ನಮ್ಮದು ಕೋಡಿಬಾಗ, ಒಂದು ಕಡೆ ಕಾಳಿ ನದಿ, ಇನ್ನೊಂದು ಕಡೆ ಸಮುದ್ರ. ಕೊಯ್ದ ಅಂಚಿನ ಕೆಳಗೆ ಉಪ್ಪು, ಕೆಂಪು ಮಣ್ಣು ಹೊಕ್ಕಿತು. ಜೂನಿನಿಂದ ಸೆಪ್ಟೆಂಬರ್ ತನಕ ಅಲ್ಲಿನ ಒದ್ದೆ ಆರಲೇ ಇಲ್ಲ. ತುಕ್ಕಿಗೆ ಇನ್ನೇನು ಬೇಕು? ಬಂಪರಿಗೂ ಬ್ಲೇಡು ತಾಗಿದೆ, ಪ್ಲಾಸ್ಟಿಕ್ ಆದ್ದರಿಂದ ಬಚಾವು.

ಬ್ಲೇಡು ಗಾಡಿಗೆ ತಾಗದ ದಾರಿ ಇಲ್ಲವೆಂದಲ್ಲ. ಪ್ಲಾಟರ್ ಇರುವ ಕಡೆ ನಿಮ್ಮ ಮಾಡೆಲಿನ ಅಳತೆ ಕಂಪ್ಯೂಟರಿನಲ್ಲಿರುತ್ತದೆ, ಯಂತ್ರವೇ ಕತ್ತರಿಸಿಕೊಡುತ್ತದೆ, ಗಾಡಿಯ ಮೇಲೆ ಅಂಟಿಸುವ ಕೆಲಸ ಮಾತ್ರ. ದಾರ ಇರುವ ಟೇಪೂ ಬರುತ್ತದೆ: ಫಿಲ್ಮಿನ ಕೆಳಗೆ ಅಂಟಿಸಿ ದಾರ ಎಳೆದರೆ ಫಿಲ್ಮು ಕೊಯ್ದುಕೊಳ್ಳುತ್ತದೆ. "ಪ್ಲಾಟರ್ ಇದೆಯಾ, ಇಲ್ಲ ಗಾಡಿ ಮೇಲೇ ಕಟ್ ಮಾಡ್ತೀರಾ?" ಅಂತ ನೇರ ಕೇಳಿ. "ನಮ್ಮ ಹುಡುಗ್ರು ಎಕ್ಸ್‌ಪರ್ಟು" ಅಂತ ಉತ್ತರ ಬಂದರೆ ಗಾಡಿ ತಿರುಗಿಸಿ. ಮೊದಲೇ ರಿಪೇಂಟ್ ಆದ ಪ್ಯಾನೆಲ್ ಇದ್ದರೆ ಅದನ್ನೂ ಹೇಳಿಡಿ. ಮುಂದೆ ಕೀಳುವಾಗ ಫಿಲ್ಮಿನ ಜೊತೆ ಆ ಬಣ್ಣವೂ ಎದ್ದು ಬರಬಹುದು.

ಅಂಗಡಿಯವರನ್ನು ಕೇಳಿದ್ದಕ್ಕೆ "ಸಮುದ್ರದ ಬದಿ ಎಲ್ಲಾ ಗಾಡಿಗೂ ತುಕ್ಕು ಹಿಡೀತದೆ ಸರ್" ಅಂದರು. ಬ್ಲೇಡು ಓಡಿದ ಗೆರೆಯಲ್ಲೇ ಹಿಡಿಯುವ ತುಕ್ಕು ಅದ್ಯಾವುದೋ! ವಾರಂಟಿ ಕಾರ್ಡಿನಲ್ಲಿ ಗಾಡಿ ನಂಬರು, ಅಂಗಡಿ ಸೀಲು ಇದೆ, ರೋಲಿನ ಸೀರಿಯಲ್ ನಂಬರಿಲ್ಲ. ಬಿಲ್ಲಿನಲ್ಲಿ "ಪಿಪಿಎಫ್ ಫುಲ್ ಬಾಡಿ" ಅಂತಷ್ಟೇ. ನೀವು ಟಿಪಿಯು ಅನ್ನೋದನ್ನೂ, ಮೈಕ್ರಾನನ್ನೂ, ರೋಲ್ ನಂಬರನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನನ್ನ ಅದೃಷ್ಟಕ್ಕೆ ಟಿಪಿಯು ಅಂತ ಅವರೇ ಕಳಿಸಿದ ವಾಟ್ಸಾಪ್ ಮೆಸೇಜು ಉಳಿದಿತ್ತು. ಅದನ್ನೂ, ಗೆರೆಗಳ ಫೋಟೋಗಳನ್ನೂ ಸೇರಿಸಿ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇನೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ತೊಂದರೆಯಾದ 2 ವರ್ಷದೊಳಗೆ ಹೋಗಬೇಕು. ಇದೇ ಗತಿಯಾದವರು ಯಾರಾದರೂ ಇದ್ದರೆ, ಫಿಲ್ಮು ಕೀಳಿಸುವಾಗ ಪಕ್ಕದಲ್ಲೇ ನಿಂತು ವಿಡಿಯೋ ಮಾಡಿಟ್ಟುಕೊಳ್ಳಿ. ಪೇಂಟರ್ ಸ್ಯಾಂಡ್‌ಪೇಪರ್ ಹಾಕಿದ ಮೇಲೆ ಆ ಗೆರೆ ಇರುವುದಿಲ್ಲ.