ಮಂಗಳವಾರದ ಭೇಟಿ: ಬ್ಯಾಡಗಿ ಸೀಮೆಯಲ್ಲಿ ಅಂಗವಿಕಲರ ಮನೆಬಾಗಿಲಿಗೆ ಬರುವ ಒಂದು ಸೇವೆ

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಗೆ ಪ್ರತಿ ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಒಬ್ಬ ಕಾರ್ಯಕರ್ತೆ ಬಂದಿಳಿದು, ಐದು ಮನೆಗಳಿಗೆ ಹೋಗಿ, ಸಂಜೆಯ ಬಸ್ಸಿಗೆ ಮರಳುತ್ತಾರೆ. ಅಂಗವಿಕಲ ಮಕ್ಕಳು ಮತ್ತು ವಯಸ್ಕರಿಗಾಗಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಯೊಂದು ಅವರನ್ನು ಕಳುಹಿಸುತ್ತದೆ. ಆ ಐದರಲ್ಲಿ ನಮ್ಮದೂ ಒಂದು ಮನೆ. ತಂಗಿಯ 6 ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗಾದ ತೊಂದರೆಯಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ, ಇದೆ. 31 ವರ್ಷದ ನನ್ನ ತಮ್ಮನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ಹೀಗಾಗಿ ಈ ಸೇವೆ ಮಗುವಿನ ಪಾಲಿಗೆ ಹೇಗಿದೆ, ದೊಡ್ಡವರ ಪಾಲಿಗೆ ಹೇಗಿದೆ ಎಂಬುದನ್ನು ಒಂದೇ ಸೂರಿನ ಕೆಳಗೆ ಎರಡು ವರ್ಷಗಳಿಂದ ನೋಡುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊರತೆಗಳನ್ನೂ ಹೇಳಬೇಕಾಗಿರುವುದರಿಂದ, ಬಿಸಿಲಲ್ಲಿ ತಿರುಗುವ ಆ ಹೆಣ್ಣುಮಗಳ ಕೆಲಸಕ್ಕೆ ನನ್ನ ಮಾತಿನಿಂದ ಕುತ್ತು ಬರಬಾರದು.

ಇದಕ್ಕೂ ಮೊದಲು ನಮಗೆ ಗೊತ್ತಿದ್ದ ಸೇವೆಯೆಂದರೆ ಶಿಬಿರ. ಶಾಮಿಯಾನ, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಅಂತಹ ಒಂದು ಶಿಬಿರದಲ್ಲಿ 3 ವರ್ಷದ ಮಗುವಿಗೆ ದೊಡ್ಡವರ ಅಳತೆಯ ಗಾಲಿಕುರ್ಚಿ ಕೊಟ್ಟು ಫೋಟೊ ತೆಗೆದರು. ಆ ಕುರ್ಚಿ ಈಗಲೂ ದನದ ಕೊಟ್ಟಿಗೆಯ ಪಕ್ಕದಲ್ಲಿ ಹಿಂಡಿಯ ಚೀಲ ಹೊತ್ತು ನಿಂತಿದೆ. ಫಿಸಿಯೊಥೆರಪಿಗಾಗಿ ಹುಬ್ಬಳ್ಳಿಗೆ ಕರೆದೊಯ್ದ ದಿನಗಳೂ ಇದ್ದವು. ಇಪ್ಪತ್ತು ನಿಮಿಷದ ವ್ಯಾಯಾಮಕ್ಕೆ ಇಡೀ ದಿನದ ಕೂಲಿ ಹೋಗುತ್ತಿತ್ತು, ಬಸ್ಸಿನಲ್ಲಿ ಮಗು ಸೆಟೆದುಕೊಂಡು ಅಳುತ್ತಿತ್ತು, ನಾಲ್ಕು ತಿಂಗಳಿಗೆ ತಂಗಿ ಕೈಬಿಟ್ಟಳು. ಊರ ಹಿರಿಯರಲ್ಲಿ ಕೆಲವರು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕಳುಹಿಸಿರೆಂದು ಸಲಹೆ ಕೊಟ್ಟರು. ನಮ್ಮ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ ಮಕ್ಕಳಿಗೆ ಸಂಗೀತದ ದಾರಿ ತೋರಿಸಿದವರಾದ್ದರಿಂದ, ಈ ಸೀಮೆಯಲ್ಲಿ ಯಾವುದೇ ಅಂಗವೈಕಲ್ಯದ ಮಾತು ಬಂದರೂ ಜನರ ನೆನಪು ಮೊದಲು ಗದಗಿಗೇ ಹೋಗುತ್ತದೆ. ಆದರೆ ಕುಳಿತುಕೊಳ್ಳಲಾಗದ, ತುತ್ತು ನುಂಗಲು ಕಷ್ಟಪಡುವ ಮಗುವಿಗೆ ಬೇಕಾದದ್ದು ಆಶ್ರಮವಲ್ಲ, ಅದರ ಸ್ವಂತ ಮನೆಯ ಪಡಸಾಲೆ.

ಕಾರ್ಯಕರ್ತೆ ಮೊದಲ ದಿನ ಬರಿಗೈಯಲ್ಲಿ ಬಂದದ್ದು ನಮಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತ್ತು. ಅವರು ಮಗುವಿನ ಕೈಕಾಲು ಮುಟ್ಟಿ ನೋಡಲಿಲ್ಲ, ಹಳೆಯ ಚೀಟಿಗಳನ್ನು ಕೇಳಲಿಲ್ಲ. ಊಟ ಮಾಡಿಸುವ ಹೊತ್ತಿನವರೆಗೆ ಕಾದು ಕುಳಿತು, ತಂಗಿ ತುತ್ತು ಇಡುವುದನ್ನು ನೋಡಿದರು. ಮಗುವನ್ನು ತೊಡೆಯ ಮೇಲೆ ಮಲಗಿಸಿ, ತಲೆ ಹಿಂದಕ್ಕೆ ವಾಲಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಬಾಯೊಳಗೆ ಹಾಕುವುದು ನಮ್ಮ ರೂಢಿಯಾಗಿತ್ತು, ಪ್ರತಿ ಊಟದಲ್ಲೂ ನೆತ್ತಿಗೇರಿ ಕೆಮ್ಮುವುದು ಅದರ ಹಣೆಬರಹವೆಂದೇ ನಾವು ತಿಳಿದಿದ್ದೆವು. ತಲೆ ಹಿಂದಕ್ಕೆ ಬಾಗಿದಾಗ ಅನ್ನವು ಅನ್ನನಾಳದ ಬದಲು ಶ್ವಾಸನಾಳದ ಕಡೆಗೆ ಜಾರುತ್ತದೆ, ಪದೇ ಪದೇ ಬರುವ ಕಫ ಮತ್ತು ಜ್ವರಕ್ಕೆ ಅದೂ ಒಂದು ಕಾರಣವಾಗಿರಬಹುದು ಎಂದು ವಿವರಿಸಿ, ಮಗುವನ್ನು ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ತಂದು, ಚಮಚವನ್ನು ಮೇಲಿನಿಂದಲ್ಲದೆ ಎದುರಿನಿಂದ ಕೊಡುವುದನ್ನು ತೋರಿಸಿದರು. ನಾಲ್ಕು ವರ್ಷಗಳಲ್ಲಿ ಯಾರೊಬ್ಬರೂ ನಮಗೆ ಇದನ್ನು ಹೇಳಿಕೊಟ್ಟಿರಲಿಲ್ಲ, ಏಕೆಂದರೆ ಆ ಮಗು ಉಣ್ಣುವುದನ್ನು ಯಾರೊಬ್ಬರೂ ನೋಡಿರಲಿಲ್ಲ.

ಮುಂದಿನ ವಾರಗಳಲ್ಲಿ ಕೌದಿಯನ್ನು ಸುರುಳಿ ಸುತ್ತಿ ಅದರ ಮೇಲೆ ಮಗುವನ್ನು ಬೋರಲು ಮಲಗಿಸುವುದು, ಕತ್ತರಿಯಂತೆ ಹೆಣೆದುಕೊಳ್ಳುವ ಕಾಲುಗಳು ಬಿಡಿಸಿಕೊಳ್ಳುವಂತೆ ಸೊಂಟದ ಮೇಲೆ ಕಾಲಗಲಿಸಿ ಎತ್ತಿಕೊಳ್ಳುವುದು ರೂಢಿಗೆ ಬಂದವು. ಬಳಿಕ ಊರಿನ ಬಡಿಗೇರನನ್ನು ಕರೆಸಿ, ಗೋಡೆಯ ಮೂಲೆಯಂತೆ ಎರಡು ಹಲಗೆ ಕೂಡುವ ಒಂದು ಕುರ್ಚಿಯನ್ನು ಮಾಡಿಸಿದರು. ಸೊಂಟ ಮತ್ತು ಮೊಣಕಾಲು ಸರಿಯಾಗಿ ಮಡಿಚಿಕೊಂಡರೆ ದೇಹದ ಸೆಟೆತ ಕಡಿಮೆಯಾಗುತ್ತದೆಂಬ ಕಾರಣಕ್ಕೆ ಅಳತೆಯಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು. ಬಡಿಗೇರ ಬೇಸತ್ತು ಎರಡು ಸಲ ಹಲಗೆ ಬದಲಿಸಿದ. ಇಂದು ಮಗು ಆ ಕುರ್ಚಿಯಲ್ಲಿ ಅರ್ಧ ಗಂಟೆ ಕುಳಿತು, ಎದುರಿನ ಹಲಗೆಯ ಮೇಲಿನ ಬಳೆಗಳನ್ನು ಎಡಗೈಯಿಂದ ಎಳೆದುಕೊಳ್ಳುತ್ತದೆ, ಕೆಮ್ಮದೆ ಉಣ್ಣುತ್ತದೆ. ನಡೆಯುವುದಿಲ್ಲ. ನಡೆಸುತ್ತೇವೆಂದು ಅವರು ಹೇಳಿಯೂ ಇರಲಿಲ್ಲ, ಹರಕೆ ಹೊತ್ತುಕೊಂಡು ಕಾಯುತ್ತಿದ್ದ ನಮ್ಮ ತಾಯಿಗೆ ಅದನ್ನು ಮೊದಲ ತಿಂಗಳಲ್ಲೇ ಮೆದುವಾಗಿ, ಆದರೆ ಸ್ಪಷ್ಟವಾಗಿ ತಿಳಿಸಿದ್ದರು. ಆ ಪ್ರಾಮಾಣಿಕತೆಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಕಾಗದಪತ್ರದ ಕೆಲಸದಲ್ಲಿಯೂ ಸಂಸ್ಥೆ ಚುರುಕಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಮ್ಮವರು ಎಲ್ಲಿ ಬರುತ್ತಾರೆ, ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯವಿದೆಯೆಂಬ ಪ್ರಮಾಣಪತ್ರ ಏಕೆ ಮುಖ್ಯ ಎಂಬುದನ್ನು ತಿಳಿಸಿ ಇಬ್ಬರಿಗೂ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಟ್ಟರು. ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಗೂ ಸೇರಿಸಿದರು; ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆ ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ ಮೀಸಲಾದದ್ದು. ಹಣವನ್ನು ಮೊದಲು ನಾವೇ ಕಟ್ಟಿ ಆಮೇಲೆ ಮರಳಿ ಪಡೆಯಬೇಕಾದ್ದರಿಂದ, ಔಷಧಿ ಅಂಗಡಿಯ ಚಿಕ್ಕ ಬಿಲ್ಲನ್ನೂ ಬಿಸಾಡಬಾರದೆಂದು ಅವರು ಪದೇ ಪದೇ ಎಚ್ಚರಿಸುತ್ತಾರೆ.

ವಯಸ್ಕರ ವಿಷಯಕ್ಕೆ ಬಂದಾಗ ನನ್ನ ಅಭಿಪ್ರಾಯ ಇಷ್ಟು ಉದಾರವಾಗಿಲ್ಲ. ತಮ್ಮನನ್ನು ಮೊದಲ ವರ್ಷ ತಾಲೂಕು ಕೇಂದ್ರದ ತರಬೇತಿಗೆ ಸೇರಿಸಿಕೊಂಡು ಮೇಣದಬತ್ತಿ ಮತ್ತು ಕಾಗದದ ಚೀಲ ಮಾಡುವುದನ್ನು ಕಲಿಸಿದರು. ಅವನು ಕಲಿತದ್ದೂ ನಿಜ. ಆದರೆ ಆ ಮೇಣದಬತ್ತಿಗಳನ್ನು ಕೊಂಡವರು ಸಂಸ್ಥೆಯ ಸಮಾರಂಭಕ್ಕೆ ಬಂದ ಅತಿಥಿಗಳು ಮಾತ್ರ. ಬ್ಯಾಡಗಿಯಂತಹ ಊರಿನಲ್ಲಿ ಕುಳಿತು ಮೇಣದಬತ್ತಿ ಮಾಡಿಸುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಈ ಸೀಮೆಯದೇ ಬೆಳೆಯೆಂಬ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆ ಪಡೆದ ಮೆಣಸಿನಕಾಯಿಯ ಮಾರುಕಟ್ಟೆ ಇಲ್ಲಿದೆ, ಸುಗ್ಗಿಯ ತಿಂಗಳುಗಳಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಕೈಗಳೇ ಸಾಲುವುದಿಲ್ಲ, ಕೂಲಿಯನ್ನು ತೂಕದ ಮೇಲೆ ಕೊಡುವುದರಿಂದ ನಿಧಾನವಾಗಿ ಮಾಡುವವನಿಗೂ ಅವನ ಪಾಲು ಸಿಗುತ್ತದೆ. ಇದನ್ನು ನಾವೇ ಹೇಳಬೇಕಾಯಿತು. ಹೇಳಿದ ಮೇಲೆ ಕಾರ್ಯಕರ್ತೆ ತಾವೇ ನಾಲ್ಕು ದಿನ ತಮ್ಮನ ಜೊತೆ ಕುಳಿತು, ಘಾಟು ತಾಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು, ಕಣ್ಣು ಮುಟ್ಟದೆ ಕೈ ತೊಳೆಯುವುದನ್ನು, ಕೆಟ್ಟ ಕಾಯಿಯನ್ನು ಬೇರೆ ಬುಟ್ಟಿಗೆ ಹಾಕುವುದನ್ನು ಹಂತ ಹಂತವಾಗಿ ಕಲಿಸಿದರು. ಕಲಿಸುವ ಕಲೆ ಅವರಲ್ಲಿದೆ, ಯಾವುದನ್ನು ಕಲಿಸಬೇಕೆಂಬ ತೀರ್ಮಾನ ಮಾತ್ರ ಬೇರೆಲ್ಲೋ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ವಯಸ್ಕರ ಬಗೆಗಿನ ಅವರ ಕೆಲಸ ನಮ್ಮ ಕಣ್ಣು ತೆರೆಸಿತು. 18 ವರ್ಷ ತುಂಬಿದ ಮೇಲೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯ ಮುಂದೆ ಅರ್ಜಿ ಸಲ್ಲಿಸಿ ಪೋಷಕರ ನೇಮಕ ಮಾಡಿಸಿಕೊಳ್ಳಬೇಕು. ತಂದೆ ತೀರಿಕೊಂಡ ಮೇಲೆ ಹೊಲದ ಪಾಲಿನಲ್ಲಿ ತಮ್ಮನ ಹೆಸರು ತೂಗಾಡುತ್ತಿದ್ದಾಗ ಈ ಮಾಹಿತಿ ನಮಗೆ ಹೊಲಕ್ಕಿಂತ ಹೆಚ್ಚು ಬೆಲೆಬಾಳಿತು.

ಇನ್ನು ದೂರುಗಳು. ಕಳೆದ ವರ್ಷ ಕಾರ್ಯಕರ್ತೆ ಹೆರಿಗೆ ರಜೆಗೆ ಹೋದಾಗ ಮೂರು ತಿಂಗಳು ಯಾರೂ ಬರಲಿಲ್ಲ, ಬರುವುದಿಲ್ಲವೆಂಬ ಒಂದು ಫೋನೂ ಬರಲಿಲ್ಲ. ತಿಂಗಳಿಗೊಮ್ಮೆ ಬರಬೇಕಾದ ಫಿಸಿಯೊಥೆರಪಿಸ್ಟ್ ಎರಡು ವರ್ಷಗಳಲ್ಲಿ ಏಳು ಸಲ ಮಾತ್ರ ಬಂದಿದ್ದಾರೆ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದೇ ಮನೆಗಳಿಗೆ ಬಂದು ಅದೇ ವಿವರಗಳನ್ನು ಮತ್ತೊಂದು ಫಾರಂನಲ್ಲಿ ತುಂಬಿಕೊಳ್ಳುತ್ತಾರೆ. ಇಬ್ಬರೂ ಒಂದು ದಿನ ಜೊತೆಗೆ ಕುಳಿತರೆ ನಮ್ಮ ಅರ್ಧ ಶ್ರಮ ಉಳಿಯುತ್ತದೆ. ದಾನಿಗಳು ಬಂದಾಗ ಮಗುವನ್ನು ಸಿಂಗರಿಸಿ ತೋರಿಸಿರೆಂದು ಕಚೇರಿಯಿಂದ ಬಂದ ಸೂಚನೆಯನ್ನು ತಂಗಿ ನಿರಾಕರಿಸಿದಳು, ಅದಕ್ಕಾಗಿ ಸೇವೆಯೇನೂ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು.

ಆದರೂ ಆ ಮೂರು ತಿಂಗಳಲ್ಲಿ ಮಗುವಿನ ವ್ಯಾಯಾಮ ಒಂದು ದಿನವೂ ತಪ್ಪಲಿಲ್ಲ, ಏಕೆಂದರೆ ಅಷ್ಟರಲ್ಲಿ ಅದು ತಂಗಿಯ ಕೈಗೆ ಇಳಿದುಹೋಗಿತ್ತು. ಮಗು ಈಗ ಬೆಳೆದು ಮೂಲೆಯ ಕುರ್ಚಿ ಚಿಕ್ಕದಾಗಿದೆ. ಹೋದ ಮಂಗಳವಾರ ಕಾರ್ಯಕರ್ತೆ ಅಳತೆಯ ಟೇಪು ತೆಗೆಯುವಷ್ಟರಲ್ಲಿ, ತಂಗಿ ಬಡಿಗೇರನಿಗೆ ಹೊಸ ಅಳತೆಯನ್ನು ಕೊಟ್ಟು ಎರಡು ದಿನವಾಗಿತ್ತು.